ಕೋಡ್ ಅಳಿಸುವ ಮುಂಚೆ ಒಂದು ಫೋಟೊ ತೆಗೆದುಕೊಳ್ಳಿ

ವಾರಂಟಿ ಇನ್ನೂ ಮುಗಿಯದ ಡೀಸೆಲ್ ಗಾಡಿ ನನ್ನ ಗ್ಯಾರೇಜಿಗೆ ಬಂದರೆ ಅದರ ಕಥೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಚೆಕ್ ಎಂಜಿನ್ ಲೈಟ್ ಬಂತು. ಸರ್ವೀಸ್ ಸೆಂಟರಿಗೆ ಹೋದರು. ಅಲ್ಲಿ ಸ್ಕ್ಯಾನರ್ ಹಾಕಿ, ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟಿದ್ದ ದೋಷದ ಕೋಡ್ ಅಳಿಸಿದರು. 'ಏನೂ ಇಲ್ಲ ಸಾರ್, ಓಡಿಸಿ ನೋಡಿ' ಅಂದರು. ಹದಿನೈದು ದಿನಕ್ಕೆ ಲೈಟ್ ಮತ್ತೆ ಬಂತು, ಮತ್ತೆ ಅಳಿಸಿದರು. ಹೀಗೇ ಸುತ್ತಿ ಸುತ್ತಿ ಸಾಕಾಗಿ, ಯಾರೋ ಹೇಳಿದರು ಅಂತ ನನ್ನ ಹತ್ತಿರ ಬರುತ್ತಾರೆ. 'ಯಾವ ಕೋಡ್ ಬಂದಿತ್ತು?' ಅಂತ ಕೇಳುತ್ತೇನೆ. 'ಅದೆಲ್ಲ ಹೇಳಲಿಲ್ಲ ಸಾರ್, ಕ್ಲಿಯರ್ ಮಾಡಿಕೊಟ್ಟರು' ಅನ್ನುತ್ತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಕೋಪವೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಸಾಲ ಮಾಡಿ, ಹದಿನೈದು ಇಪ್ಪತ್ತು ಲಕ್ಷ ಸುರಿದು ತಂದ ಗಾಡಿ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಪೂಜೆ ಮಾಡಿಸಿ, ಮನೆಮಂದಿಯೆಲ್ಲ ಹತ್ತಿ ಒಂದು ರೌಂಡ್ ಹೋಗಿ ಬಂದ ಗಾಡಿ. ಅದಕ್ಕೆ ಏನಾಗಿದೆ ಅಂತ ಹೇಳುವ ಸಾಕ್ಷಿಯನ್ನೇ ಅಳಿಸಿಕೊಂಡು ಬಂದಿರುತ್ತಾರೆ.

ಲೈಟ್ ಆರಿದರೆ ಗಾಡಿ ರಿಪೇರಿ ಆಯಿತು ಅಂತ ಅರ್ಥವಲ್ಲ. ಥರ್ಮಾಮೀಟರ್ ಒದರಿ ಪಾದರಸ ಇಳಿಸಿಬಿಟ್ಟು, ಮಗುವಿಗೆ ಜ್ವರ ಬಿಟ್ಟಿತು ಅಂದುಕೊಂಡ ಹಾಗೆ ಅದು. ಇದು ಯಾರಿಗೆ ಗೊತ್ತಿಲ್ಲ ಅಂತ ನೀವು ಕೇಳಬಹುದು. ಕಂಪ್ಯೂಟರ್ ಕಂಪನಿಗಳಲ್ಲಿ ದಿನವಿಡೀ ಎರರ್ ಹುಡುಕುವ ಕೆಲಸ ಮಾಡುವ ಹುಡುಗರೂ ನನ್ನ ಹತ್ತಿರ ಬಂದು, 'ಮೊದಲು ಆ ಲೈಟ್ ತೆಗೆದುಬಿಡಿ, ನೋಡಿದರೆ ಟೆನ್ಷನ್ ಆಗುತ್ತೆ' ಅನ್ನುತ್ತಾರೆ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಎಂಜಿನ್ನಿನ ಕಂಪ್ಯೂಟರನ್ನು ನಾವು ಇಸಿಯು ಅನ್ನುತ್ತೇವೆ. ಏನಾದರೂ ತಪ್ಪು ಕಂಡರೆ ಅದು ಒಂದು ಕೋಡ್ ಬರೆದಿಡುತ್ತದೆ. ಪಿ0087 ಅಂದರೆ ರೈಲಿನಲ್ಲಿ, ಅಂದರೆ ಇಂಜೆಕ್ಟರ್ಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಡೀಸೆಲ್ ಪ್ರೆಶರ್ ಕಡಿಮೆ. ಪಿ0401 ಅಂದರೆ ಇಜಿಆರ್‌ನಲ್ಲಿ ಹರಿವು ಸಾಲದು (ಇಜಿಆರ್ ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ). ಪಿ0299 ಅಂದರೆ ಟರ್ಬೊ ಒತ್ತಡ ಸಾಲದು. ಆದರೆ ಕೋಡಿಗಿಂತ ಬೆಲೆಬಾಳುವುದು ಅದರ ಜೊತೆಗೆ ಕೂತಿರುವ ಇನ್ನೊಂದು ಪುಟ. ಅದನ್ನು ಫ್ರೀಜ್ ಫ್ರೇಮ್ ಅನ್ನುತ್ತಾರೆ. ತಪ್ಪು ಕಂಡ ಆ ಕ್ಷಣದಲ್ಲಿ ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಎಂಜಿನ್ ಎಷ್ಟು ಆರ್‌ಪಿಎಂ ತಿರುಗುತ್ತಿತ್ತು, ಕೂಲಂಟ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು, ಎಲ್ಲ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಆ ಪುಟವೂ ಹೋಗುತ್ತದೆ. ಅಷ್ಟೇ ಅಲ್ಲ, ಇಸಿಯು ತನ್ನ ಪಾಡಿಗೆ ಮಾಡಿಕೊಂಡಿದ್ದ ಪರೀಕ್ಷೆಗಳ ಫಲಿತಾಂಶವೂ ಸೊನ್ನೆಗೆ ಬರುತ್ತದೆ. ಅವೆಲ್ಲ ಮತ್ತೆ ಪೂರ್ತಿಯಾಗಬೇಕಾದರೆ ಕೆಲವು ದಿನ ಬೇರೆ ಬೇರೆ ರೀತಿ ಓಡಿಸಬೇಕು. ಅಲ್ಲಿಯವರೆಗೆ ಸ್ಕ್ಯಾನರಿನಲ್ಲಿ 'ದೋಷವಿಲ್ಲ' ಅಂತ ಬಂದರೂ ಅದಕ್ಕೆ ಅರ್ಥವಿಲ್ಲ. ಇಸಿಯು ಇನ್ನೂ ಪರೀಕ್ಷೆಯನ್ನೇ ಮಾಡಿರುವುದಿಲ್ಲ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೂ ಕೆಲವು ಗಾಡಿಗಳಲ್ಲಿ ಇದೇ ಆಗುತ್ತದೆ. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾನೆ. ಬೇಡ ಅನ್ನಿ.

ಇನ್ನೊಂದು ವಿಷಯ. ಲೈಟ್ ತಾನಾಗಿಯೇ ಆರಿಹೋಯಿತು ಅಂತ ಸುಮ್ನೆ ಆಗಬೇಡಿ. ಎಷ್ಟೋ ದೋಷಗಳಲ್ಲಿ, ಸತತ ಮೂರು ಡ್ರೈವ್ ಸೈಕಲ್‌ಗಳಲ್ಲಿ (ಅಂದರೆ ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಒಂದೊಂದು ಸುತ್ತಿನಲ್ಲಿ) ತಪ್ಪು ಮತ್ತೆ ಕಾಣದಿದ್ದರೆ ಇಸಿಯು ಲೈಟ್ ಆರಿಸುತ್ತದೆ. ಕೋಡ್ ಮಾತ್ರ ಒಳಗೆ ಉಳಿದಿರುತ್ತದೆ. ಎಂಜಿನ್ ಸುಮಾರು 40 ಸಲ ಬಿಸಿಯಾಗಿ ತಣ್ಣಗಾಗುವವರೆಗೂ ಅದು ಅಲ್ಲೇ ಇರುತ್ತದೆ. ಹಾಗಾಗಿ ಲೈಟ್ ಆರಿದ ಮೇಲೂ ಓದಿಸಬಹುದು, ಓದಿಸಬೇಕು. ಆರಿದೆಯಲ್ಲ ಅಂತ ತಿಂಗಳುಗಟ್ಟಲೆ ಬಿಟ್ಟರೆ ಅದೂ ಕೈಬಿಟ್ಟು ಹೋಗುತ್ತದೆ.

ಒಂದು ಗಾಡಿಯ ಕಥೆ ಹೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬಸವೇಶ್ವರನಗರದ ಒಂದು ಕುಟುಂಬ. ಏಳು ಸೀಟಿನ ಹೊಸ ಡೀಸೆಲ್ ಗಾಡಿ. ಊರೊಳಗೆ ಬೆಣ್ಣೆಯ ಹಾಗೆ ಓಡುತ್ತದೆ. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿ ಏರುವಷ್ಟರಲ್ಲಿ ಪಿಕಪ್ ಸತ್ತುಹೋಗುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ತೆವಳುತ್ತದೆ. ಹಿಂದೆ ಲಾರಿಗಳ ಹಾರ್ನ್, ಒಳಗೆ ಅಜ್ಜಿ ಮತ್ತು ಎರಡು ಮಕ್ಕಳು. ಯಜಮಾನರ ಭಾವಮೈದನ ಹತ್ತಿರ ಫೋನಿಗೆ ಕನೆಕ್ಟ್ ಆಗುವ ಚಿಕ್ಕ ಸ್ಕ್ಯಾನರ್ ಇತ್ತು. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಆತ ಕೋಡ್ ಅಳಿಸಿದ. ಗಾಡಿ ಮತ್ತೆ ಚೆನ್ನಾಗಿ ಓಡಿತು. ಎಲ್ಲರಿಗೂ ಖುಷಿ. ಬೆಂಗಳೂರಿಗೆ ಬಂದು ಸರ್ವೀಸ್ ಸೆಂಟರಿಗೆ ಕೊಟ್ಟರೆ ಅಲ್ಲಿ ಸ್ಕ್ಯಾನರಿನಲ್ಲಿ ಏನೂ ಇಲ್ಲ. ರಿಂಗ್ ರೋಡಿನಲ್ಲಿ ಟೆಸ್ಟ್ ಡ್ರೈವ್ ಮಾಡಿದರು, ಏನೂ ಕಾಣಲಿಲ್ಲ. ಜಾಬ್ ಕಾರ್ಡಿನಲ್ಲಿ 'ಗಾಡಿ ಸರಿ ಇದೆ' ಅಂತ ಬರೆದು ತೊಳೆದು ಕೊಟ್ಟರು. ಮುಂದಿನ ಸಲವೂ ಹೀಗೇ ಆಯಿತು. ಕೊನೆಗೆ ಅಲ್ಲೊಬ್ಬರು, ನಿಮ್ಮ ಓಡಿಸುವ ರೀತಿಯೇ ಸರಿ ಇಲ್ಲ ಅಂದುಬಿಟ್ಟರಂತೆ. ಆ ಯಜಮಾನರಿಗೆ ಅದು ತುಂಬಾ ನೋವಾಗಿತ್ತು.

ಆಮೇಲೆ ನನ್ನ ಹತ್ತಿರ ತಂದರು. ನಾನು ಗಾಡಿಯನ್ನು ಮುಟ್ಟಲಿಲ್ಲ. ವಾರಂಟಿ ಇರುವ ಗಾಡಿಯನ್ನು ನಾನು ಓದುತ್ತೇನೆ, ಬಿಚ್ಚುವುದಿಲ್ಲ. ನಾನು ಒಂದು ಸ್ಪ್ಯಾನರ್ ಹಾಕಿದರೂ ನಾಳೆ ಕಂಪನಿಯವರು ಅದನ್ನೇ ನೆಪ ಮಾಡಬಹುದು. 'ಮುಂದಿನ ಸಲ ಲೈಟ್ ಬಂದರೆ ಯಾರೂ ಏನೂ ಅಳಿಸಬೇಡಿ, ಹಾಗೇ ತನ್ನಿ' ಅಂದೆ. ಒಂದು ಭಾನುವಾರ ಗಾಡಿ ತುಂಬಾ ಜನ ಕೂರಿಸಿಕೊಂಡು ನಂದಿಬೆಟ್ಟ ಹತ್ತುವಾಗ ಬಂತು. ಮಾರನೆಯ ದಿನ ಲೈಟ್ ಉರಿಯುತ್ತಿದ್ದ ಹಾಗೇ ತಂದರು.

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದೆ. ಪಿ0087. ಸ್ಪೀಡ್ 38. ಆರ್‌ಪಿಎಂ 2,650. ಕೂಲಂಟ್ 91 ಡಿಗ್ರಿ. ಲೋಡ್ ಶೇಕಡಾ ನೂರರ ಹತ್ತಿರ. ರೈಲಿನಲ್ಲಿ ಬೇಕಾಗಿದ್ದ ಪ್ರೆಶರ್ 1,450 ಬಾರ್, ಇದ್ದದ್ದು 820. ಅಂದರೆ ಎಂಜಿನ್ ಬಿಸಿಯಾಗಿದೆ, ಭಾರ ಹೊತ್ತು ಏರು ಹತ್ತುತ್ತಿದೆ, ಡೀಸೆಲ್ ಜಾಸ್ತಿ ಕೇಳುತ್ತಿದೆ, ಆದರೆ ಅಷ್ಟು ಬರುತ್ತಿಲ್ಲ. ರಿಂಗ್ ರೋಡಿನಲ್ಲಿ ಅಷ್ಟು ಡೀಸೆಲ್ ಯಾವತ್ತೂ ಬೇಕಾಗುವುದಿಲ್ಲ. ಹಾಗಾಗಿ ಅಲ್ಲಿ ದೋಷ ಕಾಣುವುದೂ ಇಲ್ಲ.

ಆ ಪರದೆಯ ಪ್ರಿಂಟ್ ತೆಗೆದುಕೊಟ್ಟೆ. ಅವರು ಅದನ್ನೇ ಹಿಡಿದು ಸರ್ವೀಸ್ ಸೆಂಟರಿಗೆ ಹೋದರು. ಅಲ್ಲಿಯ ಹಿರಿಯ ಟೆಕ್ನಿಷಿಯನ್ ಅದನ್ನು ನೋಡಿದ ಕೂಡಲೇ ದಾರಿ ಹಿಡಿದರು. ಟ್ಯಾಂಕಿನಿಂದ ಪಂಪಿಗೆ ಹೋಗುವ ಲೈನಿನ ಮಧ್ಯೆ ಪ್ಲಾಸ್ಟಿಕ್ಕಿನ ಪಾರದರ್ಶಕ ಪೈಪ್ ಹಾಕಿ, ಎಂಜಿನ್ ರೇಸ್ ಮಾಡಿ ನೋಡಿದರೆ, ಡೀಸೆಲ್ ಜೊತೆ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಫಿಲ್ಟರ್ ಹತ್ತಿರದ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿತ್ತು. ಪೈಪ್ ಬದಲಾಯಿಸಿದರು, ವಾರಂಟಿಯಲ್ಲೇ. ಅದಾದ ಮೇಲೆ ಆ ಕುಟುಂಬ ಎರಡು ಸಲ ಘಾಟಿ ಹತ್ತಿ ಇಳಿದಿದೆ.

ಒಂದು ಎಚ್ಚರಿಕೆ. ಪಿ0087 ಬಂದವರೆಲ್ಲ ಪೈಪ್ ಬದಲಾಯಿಸಿ ಅಂತ ಹಟ ಹಿಡಿಯಬೇಡಿ. ಫಿಲ್ಟರ್ ಕಟ್ಟಿರಬಹುದು, ಡೀಸೆಲ್‌ನಲ್ಲಿ ನೀರು ಸೇರಿರಬಹುದು, ಇಂಜೆಕ್ಟರ್ ಡೀಸೆಲನ್ನು ಟ್ಯಾಂಕಿನ ಕಡೆಗೆ ವಾಪಸ್ ಜಾಸ್ತಿ ಬಿಡುತ್ತಿರಬಹುದು, ಪಂಪ್ ಸೋತಿರಬಹುದು, ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಅಂತ ಮಾತ್ರ. ಯಾವ ಪಾರ್ಟ್ ಬದಲಾಯಿಸಬೇಕು ಅಂತ ಅದು ಹೇಳುವುದಿಲ್ಲ.

ಬೆಂಗಳೂರಿನ ಡೀಸೆಲ್ ಗಾಡಿಗಳಲ್ಲಿ ನಾನು ಜಾಸ್ತಿ ನೋಡುವ ಇನ್ನೊಂದು ತೊಂದರೆ ಡಿಪಿಎಫ್‌ನದ್ದು, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನದ್ದು. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಇದು ಮನೆಮಾತಾಗಿದೆ. ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು, ಹತ್ತಿಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ಮಲ್ಲೇಶ್ವರದಿಂದ ಮೆಜೆಸ್ಟಿಕ್‌ವರೆಗೆ ಹೋಗಿ ಆಫ್ ಮಾಡಿದರೆ ಅದು ಎಲ್ಲಿ ಸುಡಬೇಕು? ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತರೂ ಅಷ್ಟೇ. ಸುಡಲು ಶುರು ಮಾಡುತ್ತದೆ, ನೀವು ಆಫ್ ಮಾಡುತ್ತೀರಿ. ಮಾರನೆಯ ದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಕೊನೆಗೆ ಪಿ2463 ಬರುತ್ತದೆ, ಅಂದರೆ ಮಸಿ ಮಿತಿಮೀರಿದೆ.

ಇಲ್ಲೂ ಜನ ಕೋಡ್ ಅಳಿಸಿಸುತ್ತಾರೆ! ಕೋಡ್ ಅಳಿಸಿದರೆ ಮಸಿ ಎಲ್ಲಿಗೆ ಹೋಗುತ್ತದೆ? ಅಲ್ಲೇ ಇರುತ್ತದೆ, ಇನ್ನೂ ತುಂಬುತ್ತದೆ. ಒಂದು ಹಂತ ದಾಟಿದರೆ ಗಾಡಿ ತಾನಾಗಿ ಸುಡುವುದನ್ನೇ ನಿಲ್ಲಿಸಿಬಿಡುತ್ತದೆ. ಆಮೇಲೆ ಸರ್ವೀಸ್ ಸೆಂಟರಿನಲ್ಲಿ ಯಂತ್ರ ಹಾಕಿ ಸುಡಿಸಬೇಕು. ಅದೂ ಆಗದಿದ್ದರೆ ಫಿಲ್ಟರ್ ಬದಲಾಯಿಸಬೇಕು, ಅದರ ಬಿಲ್ ಸಣ್ಣದಲ್ಲ. ಡಿಪಿಎಫ್ ಲೈಟ್ ಮಾತ್ರ ಬಂದು, ಗಾಡಿ ಸರಿಯಾಗಿ ಓಡುತ್ತಿದ್ದರೆ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆ ನೈಸ್ ರಸ್ತೆಯಲ್ಲೋ ಏರ್‌ಪೋರ್ಟ್ ರಸ್ತೆಯಲ್ಲೋ ಒಂದೇ ಸಮ ಓಡಿಸಿ ಬನ್ನಿ. ಗಾಡಿ ನಿಂತಿರುವಾಗಿನ ಆರ್ಪಿಎಂ (ಐಡಲ್) ಸ್ವಲ್ಪ ಏರಿದ್ದು, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿರುವುದು ಕಂಡರೆ, ಸುಡುವ ಕೆಲಸ ನಡೆಯುತ್ತಿತ್ತು ಅಂದುಕೊಳ್ಳಿ. ಅರ್ಧಕ್ಕೆ ನಿಂತ ಸುಡುವಿಕೆಯಿಂದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ, ಡೀಸೆಲ್ ವಾಸನೆ ಬಂದರೆ, ಓಡಿಸದೆ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ. ಡಿಪಿಎಫ್ ಕಿತ್ತು ಖಾಲಿ ಡಬ್ಬ ಹಾಕಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ವಾರಂಟಿ ಹೋಗುತ್ತದೆ, ಕಾನೂನಿಗೂ ವಿರುದ್ಧ, ಆ ಮಸಿಯನ್ನು ಉಸಿರಾಡುವುದು ನಮ್ಮದೇ ಮಕ್ಕಳು.

ಕೆಂಪು ಲೈಟುಗಳ ವಿಷಯ ಬೇರೆ. ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್ ಲೈಟ್ ಕೆಂಪಗೆ ಬಂದರೆ ಕೋಡ್, ಫೋಟೊ ಎಲ್ಲ ಆಮೇಲೆ. ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ.

ಈಗ ಜಾಬ್ ಕಾರ್ಡಿನ ಮಾತು. ಅಡ್ವೈಸರ್ ಬರೆಯುವಾಗ ಪಕ್ಕದಲ್ಲಿ ನಿಂತು ನೋಡಿ. 'ಜನರಲ್ ಚೆಕಪ್' ಅಂತ ಬರೆದರೆ ಒಪ್ಪಬೇಡಿ. 'ಎಂಜಿನ್ ಬಿಸಿಯಾದ ಮೇಲೆ, ಏರಿನಲ್ಲಿ, ಮೂರನೇ ಗೇರಿನಲ್ಲಿ ಪಿಕಪ್ ಹೋಗುತ್ತದೆ, ಚೆಕ್ ಎಂಜಿನ್ ಲೈಟ್ ಬಂದಿದೆ' ಅಂತ ನಿಮ್ಮ ಮಾತಿನಲ್ಲೇ ಬರೆಸಿ. ಕಿಲೋಮೀಟರ್ ಕಾಣುವ ಹಾಗೆ ಮೀಟರಿನ ಫೋಟೊ ತೆಗೆಯಿರಿ. ಸ್ಕ್ಯಾನರ್ ಹಾಕಿದಾಗ, 'ಅಳಿಸುವ ಮುಂಚೆ ನನಗೊಂದು ಫೋಟೊ ಕೊಡಿ ಸಾರ್' ಅಂತ ಕೇಳಿ. ಸಮಾಧಾನವಾಗಿ ಕೇಳಿ. ಆ ಹುಡುಗರ ಮೇಲೂ ಒತ್ತಡ ಇರುತ್ತದೆ, ಸಂಜೆಯೊಳಗೆ ಬೇರೆ ಗಾಡಿಗಳನ್ನೂ ಬಿಡಬೇಕು. ಮರ್ಯಾದೆಯಿಂದ ಕೇಳಿದರೆ ಬಹಳಷ್ಟು ಜನ ಕೊಡುತ್ತಾರೆ. ವಾರಂಟಿ ಕೆಲಸಕ್ಕೆ ಬಿಲ್ ಸೊನ್ನೆ ಇದ್ದರೂ ಏನು ಮಾಡಿದರು ಅಂತ ಬರೆದ ಕಾಗದ ಪಡೆಯದೆ ಗಾಡಿ ತಗೊಳ್ಳಬೇಡಿ. ಸಾಧ್ಯವಾದರೆ ಟೆಕ್ನಿಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೊಂದರೆ ಬರುವ ಅದೇ ಥರದ ರಸ್ತೆಗೆ ಕರೆದುಕೊಂಡು ಹೋಗಿ.

ಇಷ್ಟಾದರೂ ಸರಿಹೋಗದ ಗಾಡಿಗಳೂ ಇರುತ್ತವೆ. ನಾನು ವಕೀಲನಲ್ಲ, ಕಾನೂನಿನ ಸಲಹೆಯನ್ನು ಗೊತ್ತಿರುವವರ ಹತ್ತಿರವೇ ಕೇಳಿ. ಆದರೆ ಇಷ್ಟು ತಿಳಿದಿರಲಿ: 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದೂ ನೀವು ವಾಸ ಮಾಡುವ ಜಿಲ್ಲೆಯಲ್ಲೇ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿಯೂ ದೂರು ಕೊಡಬಹುದು. ಗಾಡಿಯಲ್ಲಿ ತಯಾರಿಕೆಯ ದೋಷ ಇದೆ ಅಂತ ಬಾಯಲ್ಲಿ ಹೇಳಿದರೆ ಸಾಲುವುದಿಲ್ಲ, ಪರೀಕ್ಷೆ ಮಾಡಿದವರ ವರದಿ ಕೇಳುತ್ತಾರೆ. ವರದಿ ಬರೆಯುವವರೂ ಕೇಳುವುದು ಅದನ್ನೇ: ಯಾವ ಕೋಡ್, ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಮಾಡಿದರು, ಮತ್ತೆ ಯಾವಾಗ ಬಂತು.

ವಾರಂಟಿ ಮುಗಿಯಲು ಎರಡು ಮೂರು ತಿಂಗಳು ಇರುವಾಗಲೇ, ಇದುವರೆಗೆ ಬಂದ ತೊಂದರೆಗಳನ್ನೆಲ್ಲ ತಾರೀಖು, ಜಾಬ್ ಕಾರ್ಡ್ ನಂಬರ್ ಸಮೇತ ಬರೆದು, ಡೀಲರಿಗೂ ಕಂಪನಿಗೂ ಒಂದೇ ಇ-ಮೇಲ್ ಕಳಿಸಿ. ದೋಷ ವಾರಂಟಿ ಇರುವಾಗಲೇ ಶುರುವಾಗಿದ್ದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ, ಕೋಡ್‌ಗಳ ಫೋಟೊಗಳನ್ನು ಜೊತೆಗೆ ಲಗತ್ತಿಸಿ. ಉತ್ತರ ಲಿಖಿತವಾಗಿಯೇ ಬೇಕು ಅಂತ ಕೇಳಿ. ಫೋನಿನಲ್ಲಿ 'ಮಾಡಿಕೊಡ್ತೀವಿ ಸಾರ್' ಅಂದರೆ, ಅವರು ಹೀಗೆ ಹೇಳಿದರು ಅಂತ ಅದೇ ದಿನ ಇನ್ನೊಂದು ಇ-ಮೇಲ್ ಹಾಕಿಬಿಡಿ.