ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಮೂರು ಆ್ಯಂಟಿವೈರಸ್

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಸರ್ವಿಸ್ ಅಂಗಡಿಗೆ ಬಂದರು. "ಆನ್ ಮಾಡಿಟ್ಟು ಸ್ನಾನ ಮುಗಿಸಿ ಬಂದರೂ ಇದು ತೆರೆದುಕೊಂಡಿರೋಲ್ಲ ಕಣಪ್ಪಾ" ಎಂದರು. ನೋಡಿದರೆ ಒಳಗೆ ಮೂರು ಆ್ಯಂಟಿವೈರಸ್. ಒಂದು ಲ್ಯಾಪ್‌ಟಾಪ್ ಜೊತೆಗೇ ಬಂದದ್ದು. ಅದರ ಟ್ರಯಲ್ ಮುಗಿದು ಎಷ್ಟೋ ಕಾಲವಾಗಿತ್ತು. ಇನ್ನೊಂದು, ಮಗ ಊರಿಗೆ ಬಂದಾಗ ಹಾಕಿಕೊಟ್ಟ ಫ್ರೀ ವರ್ಷನ್. ಮೂರನೆಯದನ್ನು ಮೇಷ್ಟ್ರೇ ದುಡ್ಡು ಕೊಟ್ಟು ತಂದಿದ್ದರು.

ಯಾಕೆ ತಂದಿರಿ ಸರ್ ಎಂದು ಕೇಳಿದೆ. ಸ್ಕ್ರೀನಿನ ಮೂಲೆಯಲ್ಲಿ ದಿನಕ್ಕೆ ಹತ್ತು ಸಲ ಕೆಂಪು ಡಬ್ಬಿಯೊಂದು ಮೂಡುತ್ತಿತ್ತಂತೆ. 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈಗಲೇ ತೆಗೆಯಿರಿ' ಅಂತ. ಹೆದರಿ ತಂದರು. ತಂದ ಮೇಲೂ ಡಬ್ಬಿ ನಿಲ್ಲಲಿಲ್ಲ.

ನಿಲ್ಲುವುದಾದರೂ ಹೇಗೆ? ಅದು ವೈರಸ್ಸೇ ಅಲ್ಲ. ಯಾವುದೋ ವೆಬ್‌ಸೈಟು 'ಅಲೋ' ಒತ್ತಿ ಅಂದಾಗ ನಾವು ಸುಮ್ನೆ ಒತ್ತಿಬಿಡುತ್ತೇವಲ್ಲ, ಆ ಸೈಟು ಕ್ರೋಮ್ ಮೂಲಕ ಕಳಿಸುವ ಸುಳ್ಳು ಜಾಹೀರಾತು ಅದು. ಮೇಷ್ಟ್ರನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸಿದೆ. ಕ್ರೋಮ್‌ನ ಬಲಗಡೆ ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಹೆಸರೇ ಕೇಳದ ಏಳು ಸೈಟುಗಳು. ಒಂದೊಂದಾಗಿ ಅವರ ಕೈಯಲ್ಲೇ ತೆಗೆಸಿದೆ. ಡಬ್ಬಿ ಆವತ್ತಿಗೇ ನಿಂತಿತು. ವಾರಕ್ಕೆ ಎರಡು ಮೂರು ಮಂದಿ ಈ ಒಂದೇ ಭಯ ಹೊತ್ತು ನಮ್ಮ ಅಂಗಡಿಗೆ ಬರುತ್ತಾರೆ. ಎಷ್ಟೋ ಆ್ಯಂಟಿವೈರಸ್ ಮಾರಾಟ ಆಗುವುದೇ ಹೀಗೆ ಎಂಬುದು ನನಗೆ ನಿಜವಾಗಿ ನೋವು ತರುವ ಸಂಗತಿ.

ಆಮೇಲೆ ಮೂರನ್ನೂ ತೆಗೆದುಹಾಕಿದೆ. ನೀವು ಒಂದು ಫೈಲ್ ತೆರೆದ ಕೂಡಲೇ ಆ್ಯಂಟಿವೈರಸ್ ಅದನ್ನು ತಡೆದು, ಪರೀಕ್ಷಿಸಿ, ಆಮೇಲೆ ಬಿಡುತ್ತದೆ. ಒಂದಕ್ಕಿಂತ ಜಾಸ್ತಿ ಇದ್ದರೆ ಅದೇ ಫೈಲಿಗೆ ಅಷ್ಟು ಸಲ ತಪಾಸಣೆ. ಸಾಲದ್ದಕ್ಕೆ ಒಂದು ಇನ್ನೊಂದನ್ನೇ ಅನುಮಾನಿಸುತ್ತದೆ. ಮೂರೂ ಹೋಗಿ ರೀಸ್ಟಾರ್ಟ್ ಆದ ಮೇಲೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ತಾನಾಗಿಯೇ ಎದ್ದು ಕೆಲಸ ಶುರುಮಾಡಿತು. ಬೇರೆ ಆ್ಯಂಟಿವೈರಸ್ ಹಾಕಿದರೆ ಅದು ಹಿಂದೆ ಸರಿದು ಕೂರುತ್ತದೆ, ತೆಗೆದರೆ ವಾಪಸ್ ಬರುತ್ತದೆ.

"ಬಿಟ್ಟಿ ಬಂದದ್ದು ಸಾಕಾಗುತ್ತಾ?" ಇದು ಎಲ್ಲರ ಪ್ರಶ್ನೆ. ಮನೆಯಲ್ಲಿ ಬ್ಯಾಂಕ್ ಕೆಲಸ, ಮಕ್ಕಳ ಪಾಠ, ಫೋಟೋ, ಇಮೇಲ್, ಇಷ್ಟಕ್ಕೇ ಕಂಪ್ಯೂಟರ್ ಬಳಸುವವರಿಗೆ ಸಾಕು. 2012ರಲ್ಲಿ ವಿಂಡೋಸ್ 8ರ ಜೊತೆ ಡಿಫೆಂಡರ್ ಪೂರ್ತಿ ಆ್ಯಂಟಿವೈರಸ್ ಆಗಿ ಬಂದಾಗ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. ಆಗ ನಾನೂ ಬೇರೆ ಹಾಕಿಸಿಕೊಳ್ಳಿ ಎಂದೇ ಹೇಳುತ್ತಿದ್ದೆ. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಎರಡು ಸಂಸ್ಥೆಗಳು ವರ್ಷವಿಡೀ ಆ್ಯಂಟಿವೈರಸ್‌ಗಳನ್ನು ಪರೀಕ್ಷೆ ಮಾಡಿ ಫಲಿತಾಂಶ ಪ್ರಕಟಿಸುತ್ತವೆ. ಅವುಗಳಲ್ಲಿ ಡಿಫೆಂಡರ್ ಈಗ ದುಡ್ಡಿನ ಆ್ಯಂಟಿವೈರಸ್‌ಗಳ ಪಕ್ಕದಲ್ಲೇ ನಿಲ್ಲುತ್ತದೆ.

ಅದರ ಕೊರತೆಯನ್ನೂ ಹೇಳಬೇಕು. ಡಿಫೆಂಡರ್ ಇಂಟರ್‌ನೆಟ್ಟನ್ನು ತುಂಬಾ ನೆಚ್ಚಿಕೊಂಡಿದೆ. ನೆಟ್ ಇಲ್ಲದಾಗ ಅದರ ಹಿಡಿತ ಸಡಿಲವಾಗುತ್ತದೆ. ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್ ನಡೆಸುವವರನ್ನು ನೆನೆಸಿಕೊಳ್ಳಿ. ದಿನಕ್ಕೆ ಐವತ್ತು ಪೆನ್‌ಡ್ರೈವ್ ಚುಚ್ಚುತ್ತಾರೆ. ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಕಾಣಿಸುವ ಕಾಟ ಅಲ್ಲಿ ಇನ್ನೂ ಇದೆ. ಅಂಥವರಿಗೆ ದುಡ್ಡು ಕೊಟ್ಟು ತೆಗೆದುಕೊಳ್ಳಿ ಅನ್ನುತ್ತೇನೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. ಪೆನ್‌ಡ್ರೈವ್ ಹಾಕಿದ ಕೂಡಲೇ ತಪಾಸಣೆ ಮಾಡುವ ಸೌಲಭ್ಯ ಇದೆಯಾ, ಎಷ್ಟು ಕಂಪ್ಯೂಟರಿಗೆ ನಡೆಯುತ್ತದೆ, ಎರಡನೇ ವರ್ಷದ ರೇಟೆಷ್ಟು, ಇಷ್ಟನ್ನು ಕೇಳಿ. ಆನ್‌ಲೈನಿನಲ್ಲಿ ಕೊಂಡರೆ ಮೊದಲ ವರ್ಷ ಅಗ್ಗ, ಮುಂದಿನ ವರ್ಷ ಕಾರ್ಡಿನಿಂದ ದುಪ್ಪಟ್ಟು ಹಣ ತಾನಾಗಿ ಕಟ್ ಆಗುವುದುಂಟು. ಆಟೋ ರಿನೀವಲ್ ಅವತ್ತೇ ಆಫ್ ಮಾಡಿಬಿಡಿ.

ಫ್ರೀ ಆ್ಯಂಟಿವೈರಸ್ ಬಗ್ಗೆ ಒಂದೇ ಮಾತು. ಬಳಕೆದಾರರು ಯಾವ ಯಾವ ಸೈಟು ನೋಡಿದರು ಎಂಬ ಮಾಹಿತಿಯನ್ನು ಮಾರಿದ್ದಕ್ಕಾಗಿ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ ಕಂಪನಿಗೆ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಡಿಫೆಂಡರ್ ಇರುವಾಗ ಇನ್ನೊಂದು ಫ್ರೀ ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನು ಯಾವ ಆ್ಯಂಟಿವೈರಸ್ಸೂ ಕಾಯಲಾರದ ಜಾಗ ಒಂದಿದೆ. ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಬಂದಿದ್ದ. ಅವನ ಬಳಿ ಒಳ್ಳೆಯ ಆ್ಯಂಟಿವೈರಸ್ಸೇ ಇತ್ತು, ದುಡ್ಡು ಕೊಟ್ಟದ್ದು. ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಕಳ್ಳ ಕಾಪಿ, ಡೌನ್‌ಲೋಡ್ ಮಾಡಿದ್ದ. ಅದರ ಜೊತೆ ಬಂದ ಸೂಚನೆಯ ಮೊದಲ ಸಾಲೇ 'ಆ್ಯಂಟಿವೈರಸ್ ಆಫ್ ಮಾಡಿ' ಅಂತ. ಮಾಡಿದ. ರಾತ್ರಿ ಕಳೆಯುವಷ್ಟರಲ್ಲಿ ಪ್ರತಿ ಫೋಟೋದ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಸೇರಿಕೊಂಡಿದ್ದವು. ಒಂದೂ ತೆರೆಯುತ್ತಿರಲಿಲ್ಲ. ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಚೀಟಿ. ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿಗೆ ರ್‍ಯಾನ್ಸಮ್‌ವೇರ್ ಅನ್ನುತ್ತಾರೆ. ಅವನ ಬಳಿ ಬೇರೆ ಕಾಪಿ ಇರಲಿಲ್ಲ. ಎರಡು ಮದುವೆಯ ಫೋಟೋಗಳು ಹೋದವು. ನಾನು ನಾಲ್ಕು ದಿನ ಒದ್ದಾಡಿದೆ, ಒಂದನ್ನೂ ತೆಗೆದುಕೊಡಲು ಆಗಲಿಲ್ಲ. ಆ ಮನೆಯವರಿಗೆ ಏನು ಹೇಳಲಿ ಅಣ್ಣಾ ಎಂದು ಅವನು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಕ್ರ್ಯಾಕ್ ಬೇಡ. ಅಪ್‌ಡೇಟನ್ನು ಮುಂದೂಡುವುದೂ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಇಂಥದ್ದೇ ರ್‍ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತಲ್ಲ, ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10 ಇಟ್ಟುಕೊಂಡವರು ಇದನ್ನು ಗಮನಿಸಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿದೆ. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆ, ಆದರೆ ವಿಂಡೋಸ್‌ನ ತೂತು ಹಾಗೇ ಉಳಿಯುತ್ತದೆ. ವಿಂಡೋಸ್ 11 ಹಿಡಿಸುವ ಮಶೀನ್ ಆದರೆ ಅದಕ್ಕೆ ಹೋಗಿ.

ಮೇಷ್ಟ್ರಿಗೆ ಇನ್ನೊಂದು ಸೆಟ್ಟಿಂಗ್ ಹಾಕಿಕೊಟ್ಟೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಕೆಳಗಡೆ ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಇದೆ. ಅದರಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಬೇಕು. ತಾನಾಗಿ ಆನ್ ಇರುವುದಿಲ್ಲ. ಆಮೇಲೆ ಗುರುತಿಲ್ಲದ ಪ್ರೋಗ್ರಾಮ್ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಕೈಯಾಡಿಸಲು ಬಿಡುವುದಿಲ್ಲ. ಕೆಲವೊಮ್ಮೆ ನಿಮ್ಮದೇ ಸಾಫ್ಟ್‌ವೇರ್ ಸೇವ್ ಆಗದೆ ನಿಲ್ಲಬಹುದು. ಆಗ ಅದೇ ಜಾಗದಲ್ಲಿ ಅದಕ್ಕೆ ಅನುಮತಿ ಕೊಟ್ಟರಾಯಿತು.

"ಹಾಗಾದ್ರೆ ಮುಂದಿನ ವರ್ಷ ರಿನೀವಲ್ ಮಾಡಿಸೋದು ಬೇಡ್ವಾ?" ಎಂದರು ಮೇಷ್ಟ್ರು. ಬೇಡ ಸರ್, ಅದಕ್ಕೆ ಇನ್ನಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತನ್ನಿ ಎಂದೆ. ಮರುವಾರವೇ ತಂದರು. ಮೊಮ್ಮಕ್ಕಳ ಫೋಟೋ, ಪೆನ್ಷನ್ ಕಾಗದಗಳ ಸ್ಕ್ಯಾನ್, ಅವರು ಬರೆಯುತ್ತಿರುವ ಊರಿನ ಚರಿತ್ರೆ, ಎಲ್ಲವನ್ನೂ ಅದಕ್ಕೆ ಹಾಕಿದೆವು. ಕಾಪಿ ಮುಗಿದ ಮೇಲೆ ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿಯೇ ಬಿಡಬೇಡಿ, ವೈರಸ್ ಬಂದರೆ ಅದನ್ನೂ ಸೇರಿಸಿ ಕೆಡಿಸುತ್ತದೆ ಎಂದು ಎರಡು ಸಲ ಹೇಳಿದೆ. ಈಗ ಪ್ರತಿ ಭಾನುವಾರ ಕಾಪಿ ಮಾಡಿ, ವಯರ್ ಕಿತ್ತು, ಬೀರುವಿನಲ್ಲಿ ಪಾಸ್‌ಬುಕ್ ಪಕ್ಕ ಇಡುತ್ತಾರಂತೆ.