ಯುದ್ಧ ಬೇಡ ಅನ್ನುವ ಪೋಸ್ಟರಿಗೆ ಟ್ಯಾಂಕ್ ಯಾಕೆ?

ಹಾಸನದಲ್ಲಿ ನನ್ನದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇದೆ. ಭಾನುವಾರ ಕಾಲೇಜು ಹುಡುಗರು ಪೋಸ್ಟರ್ ಕಲಿಯಲು ಬರುತ್ತಾರೆ. ಯುದ್ಧ ಬೇಡ ಅಂತ ಚಿತ್ರ ಬರೀರಿ ಅಂದರೆ ಜಾಸ್ತಿ ಜನ ಬರೆಯುವುದು ಟ್ಯಾಂಕ್, ಬೆಂಕಿ, ರಕ್ತ. ಕೆಳಗಿನ ಅಕ್ಷರಗಳನ್ನು ಕೈಯಿಂದ ಮುಚ್ಚಿ ನೋಡಿ. ಸೈನ್ಯಕ್ಕೆ ಬನ್ನಿ ಅಂತ ಕರೆಯುವ ಪೋಸ್ಟರೂ ಹಾಗೇ ಇರುತ್ತದೆ ಅಲ್ವಾ?

ನಮ್ಮ ಕಡೆ ಯುದ್ಧದ ಚಿತ್ರ ಅಂದರೆ ಮೊದಲು ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಸತ್ತವನಿಗೆ ಊರು ಕೊಟ್ಟ ಗೌರವ ಅದು, ಅದರ ಮುಂದೆ ನಾನೂ ಕೈ ಮುಗಿಯುತ್ತೇನೆ. ಆದರೆ ಕಾಳಗದಿಂದ ಕೈಲಾಸಕ್ಕೆ ಕಣ್ಣು ಹತ್ತುವಾಗ ನಡುವೆ ಅವನ ಮನೆ ಬರುವುದೇ ಇಲ್ಲ. ನಾವು ಹೋಗಬೇಕಾದ್ದು ಆ ಮನೆಗೆ.

ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಹೋದದ್ದು ಅಲ್ಲಿಗೇ. ಮಗ ಪೀಟರ್‌ಗೆ ಸೈನ್ಯ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು, ಗಂಡನನ್ನು ಒಪ್ಪಿಸಿದ್ದು ಈ ತಾಯಿಯೇ. 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ಅವನು ಸತ್ತ. ಹದಿನೆಂಟು ವರ್ಷ. ಹತ್ತು ವರ್ಷ ಆದಮೇಲೆ, 1924ರಲ್ಲಿ, 'ಇನ್ನೆಂದೂ ಯುದ್ಧ ಬೇಡ' ಅನ್ನುವ ಪೋಸ್ಟರ್ ಮಾಡಿದಳು. ಅದರಲ್ಲಿ ಬಂದೂಕಿಲ್ಲ, ಹೆಣ ಇಲ್ಲ. ಮೇಲೆತ್ತಿದ ಒಂದು ಕೈ, ಕೂಗುತ್ತಿರುವ ಬಾಯಿ, ದಪ್ಪ ಕಪ್ಪು ಗೆರೆ, ಅಷ್ಟೇ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು ಅಚ್ಚು ಹಾಕುವ ಲಿಥೊಗ್ರಾಫ್ ಅದು, ಹಾಗಾಗಿ ಆ ಗೆರೆಯಲ್ಲಿ ಕೈ ಒತ್ತಿದ ಜೋರು ಕೂಡ ಉಳಿದುಕೊಂಡಿದೆ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಲೊರೇನ್ ಷ್ನೈಡರ್ ಬರೆದದ್ದು ಬರೀ ಒಂದು ಸೂರ್ಯಕಾಂತಿ. ಮಕ್ಕಳಿಗೂ ಉಳಿದ ಜೀವಿಗಳಿಗೂ ಯುದ್ಧ ಒಳ್ಳೆಯದಲ್ಲ ಅನ್ನುವ ಸಾಲು ಹೂವಿನ ಸುತ್ತ. ಅದು ಲೋಕವೆಲ್ಲ ಸುತ್ತಿತು.

ನನ್ನ ಹತ್ತಿರ ಬರುವ ಒಬ್ಬ ಹುಡುಗಿಯ ಅಣ್ಣ ಗಡಿಯಲ್ಲಿದ್ದಾನೆ. ಅವಳೂ ಮೊದಲು ಬರೆದದ್ದು ಕ್ಷಿಪಣಿಯನ್ನೇ. ಮನೆಯಲ್ಲಿ ಏನು ಬದಲಾಗಿದೆ ಹೇಳಮ್ಮ ಅಂದೆ. ಸುಮ್ನೆ ಕೂತಳು, ಆಮೇಲೆ ಹೇಳಿದಳು, 'ಅಮ್ಮ ಮೊಬೈಲ್ ಕೈಯಲ್ಲಿ ಹಿಡ್ಕೊಂಡೇ ಮಲಗ್ತಾರೆ ಸರ್.' ಅದನ್ನೇ ಬರಿ ಅಂದೆ. ಕಪ್ಪು ಒಂದೇ ಬಣ್ಣ, ಮೊಬೈಲಿನ ಪರದೆ ಮಾತ್ರ ಹಾಳೆಯ ಬಿಳಿ. ಮೊದಲ ಪ್ರತಿಯಲ್ಲಿ ಬಣ್ಣ ಹರಡಿ ಆ ಬಿಳಿ ಮುಚ್ಚಿಹೋಯಿತು. ಎರಡನೆಯದನ್ನು ಅವಳೇ ಅಚ್ಚು ಹಾಕಿದಳು, ಒಣಗುವ ತನಕ ಪಕ್ಕದಲ್ಲೇ ನಿಂತಿದ್ದಳು.