ಕೂಸಿನ ಹೊಟ್ಟೆ ಉಬ್ಬರ, ಕರುಳಿನ ನರ, ಮತ್ತು ಡಾಕ್ಟ್ರುಗಳು ಅರವತ್ತು ವರ್ಷ ತಪ್ಪು ಜಾಗ ನೋಡಿದ ಕತೆ

ನಮ್ಮ ಮಲೆನಾಡು ಕಡೆ ಬಾಣಂತನದ ಮನೆಯಲ್ಲಿ ಕೂಸಿಗೆ ಹೊಟ್ಟೆ ಉಬ್ಬರ ಅಂದ್ರೆ ಮೊದಲು ಬಜೆ ತೇಯ್ದು ನೆಕ್ಕಿಸ್ತಾರೆ, ಹೊಕ್ಕಳ ಸುತ್ತ ಇಂಗು ಹಚ್ತಾರೆ, ಅದಕ್ಕೂ ಬಗ್ಗದಿದ್ರೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದ್ಗಡೆ ಸ್ವಲ್ಪ ಇಡ್ತಾರೆ. ಆದ್ರೆ ಹಿರ್ಶ್‌ಸ್ಪ್ರಂಗ್ ಅಂತ ಒಂದು ಕಾಯಿಲೆ ಇದೆ, ಅದರಲ್ಲಿ ಈ ತೊಟ್ಟೇ ಮೋಸ ಮಾಡುತ್ತೆ. ತೊಟ್ಟು ಇಟ್ಟ ಕೂಡ್ಲೇ ಗಾಳಿ ಮಲ ಎಲ್ಲ ಒಂದೇ ಸಲ ರಭಸದಲ್ಲಿ ಹೊರಗೆ ಬಂದು ಹೊಟ್ಟೆ ಇಳಿದುಬಿಡುತ್ತೆ, ಅಜ್ಜಿ "ಆಯ್ತಲ್ಲ ಮಾರಾಯ್ತಿ" ಅಂತಾರೆ, ಎರಡು ದಿನಕ್ಕೆ ಮತ್ತೆ ಹೊಟ್ಟೆ ಬಿಗಿ. ಹೀಗೇ ತಿಂಗಳು ಕಳೆದುಹೋಗುತ್ತೆ. ಅಜ್ಜಿ ತಪ್ಪು ಅಂತ ನಾನು ಹೇಳ್ತಿಲ್ಲ, ದೊಡ್ಡ ದೊಡ್ಡ ಡಾಕ್ಟ್ರುಗಳೇ ಇದರಲ್ಲಿ ದಶಕಗಟ್ಟಲೆ ಎಡವಿದ್ದಾರೆ.

1691ರಲ್ಲೇ ಹಾಲೆಂಡಿನ ಫ್ರೆಡರಿಕ್ ರೂಯ್ಶ್ ಐದು ವರ್ಷದ ಹುಡುಗಿಯೊಬ್ಬಳ ವಿಪರೀತ ಊದಿದ ದೊಡ್ಡ ಕರುಳಿನ ಬಗ್ಗೆ ಬರೆದಿದ್ದ. ಕಾಯಿಲೆಗೆ ಹೆಸರು ಬಂದಿದ್ದು ಮಾತ್ರ ಕೋಪನ್‌ಹೇಗನ್‌ನ ಮಕ್ಕಳ ಡಾಕ್ಟ್ರು ಹರಾಲ್ಡ್ ಹಿರ್ಶ್‌ಸ್ಪ್ರಂಗ್ ಅವರಿಂದ, 1886ರಲ್ಲಿ ಬರ್ಲಿನ್ ಸಭೆಯಲ್ಲಿ ಅವರು ಮಲಬದ್ಧತೆಯಿಂದ ತೀರಿಕೊಂಡ ಎರಡು ಕೂಸುಗಳ ವಿಷಯ ಹೇಳಿದ್ರು. ಕರುಳು ಹುಟ್ಟಿನಿಂದಲೇ ದೊಡ್ಡದು ಅನ್ನೋದು ಅವರ ನಂಬಿಕೆ. ಊದಿದ್ದು ಕಣ್ಣಿಗೆ ಕಾಣುತ್ತಲ್ಲ, ಎಲ್ಲರೂ ಅದನ್ನೇ ಹಿಡ್ಕೊಂಡ್ರು, ಊದಿದ ಭಾಗ ಕತ್ತರಿಸಿದ್ರು, 1920ರ ದಶಕದಲ್ಲಿ ಸೊಂಟದ ಹತ್ರದ ನರಗಳನ್ನೂ ಕತ್ತರಿಸಿ ನೋಡಿದ್ರು. ಮಧ್ಯೆ 1901ರಲ್ಲಿ ಟಿಟ್ಟೆಲ್, 1920ರಲ್ಲಿ ಡಲ್ಲಾ ವಲ್ಲೆ ಕರುಳಿನ ಗೋಡೆಯಲ್ಲಿ ನರಕೋಶಗಳೇ ಸರಿಯಾಗಿಲ್ಲ ಅಂತ ಬರೆದಿದ್ರೂ ಯಾರೂ ಅಷ್ಟಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ. ಆ ವರ್ಷಗಳಲ್ಲಿ ಹೋದ ಕೂಸುಗಳನ್ನ ನೆನೆದ್ರೆ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ದಾರಿ ತಿರುಗಿದ್ದು 1940ರ ದಶಕದ ಕೊನೆಗೆ, ಬಾಸ್ಟನ್‌ನಲ್ಲಿ. ಸರ್ಜನ್ ಆರ್ವರ್ ಸ್ವೆನ್ಸನ್ ನೋಡಿದ್ದು ಇಷ್ಟು: ಹೊಟ್ಟೆ ಮೇಲೆ ಮಲಕ್ಕೆ ದಾರಿ ಮಾಡಿಕೊಟ್ರೆ ಮಗು ಚೆನ್ನಾಗಿ ತಿಂದು ಬೆಳೆಯುತ್ತೆ, ಅದೇ ದಾರಿ ಮುಚ್ಚಿ ಹಳೇ ಜಾಗದಿಂದ ಬಿಟ್ರೆ ಮತ್ತೆ ಕಟ್ಟಿಕೊಳ್ಳುತ್ತೆ. ಅಂದ್ಮೇಲೆ ಊದಿದ ಕರುಳು ಸರಿಯಾಗೇ ಇದೆ, ರೋಗ ಇರೋದು ಅದರ ಕೆಳಗೆ, ನೋಡೋಕೆ ಏನೂ ಆಗಿಲ್ಲ ಅನ್ನಿಸೋ ಸಪೂರ ಭಾಗದಲ್ಲಿ. ಅದನ್ನ ತೆಗೆದು ಮೇಲಿನ ಒಳ್ಳೇ ಕರುಳನ್ನ ಕೆಳಗೆ ಎಳೆದು ಹೊಲಿಯೋ ಆಪರೇಷನ್ನು 1948ರಲ್ಲಿ ಪ್ರಕಟ ಆಯ್ತು. ಇವತ್ತಿನ ಆಪರೇಷನ್‌ಗಳೆಲ್ಲ ಅದರದ್ದೇ ಮಕ್ಕಳು ಮೊಮ್ಮಕ್ಕಳು. 1998ರಿಂದ ಎಷ್ಟೋ ಕೂಸುಗಳಿಗೆ ಹೊಟ್ಟೆ ಕೊಯ್ಯದೆ ಗುದದ ಮೂಲಕವೇ ಮಾಡ್ತಾರೆ.

ಆ ಸಪೂರ ಭಾಗದ ಗೋಡೆಯಲ್ಲಿ ನರಕೋಶಗಳೇ ಇರಲ್ಲ, ಅದೇ ಈ ಕಾಯಿಲೆ. ಯಾಕೆ ಇಲ್ಲ ಅಂದ್ರೆ, ಬಸುರಿನ 5ರಿಂದ 12ನೇ ವಾರದೊಳಗೆ ಕರುಳಿನ ನರಕೋಶಗಳು ಮೇಲಿಂದ ಕೆಳಕ್ಕೆ ಇಳಿದು ಬರಬೇಕು. ತೋಟಕ್ಕೆ ಮೇಲಿನ ಕೆರೆಯಿಂದ ಬಿಟ್ಟ ನೀರು ಕೊನೇ ಸಾಲು ಅಡಿಕೆ ಮರ ಮುಟ್ಟೋ ಮುಂಚೆ ನಿಂತುಹೋದಂಗೆ, ಇಲ್ಲಿ ಕೋಶಗಳು ನಡುದಾರಿಯಲ್ಲೇ ನಿಂತುಬಿಡ್ತವೆ. ಅವು ಮುಟ್ಟದ ಜಾಗಕ್ಕೆ ಸಡಿಲ ಆಗು ಅಂತ ಹೇಳೋರೇ ಇಲ್ಲ, ಬಿಗಿದುಕೊಂಡೇ ಇರುತ್ತೆ. ಸುಮಾರು 5000 ಹೆರಿಗೆಗೆ ಒಂದು ಕೂಸು, ಅದರಲ್ಲಿ ಗಂಡು ಮಕ್ಕಳು ಹೆಣ್ಣಿನ ನಾಲ್ಕು ಪಟ್ಟು.

1994ರಲ್ಲಿ ಆರ್‌ಇಟಿ ಅನ್ನೋ ಜೀನಿನ ದೋಷ ಸಿಕ್ತು, ಮನೆತನದಲ್ಲಿ ಬರೋ ಕೇಸುಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಅದೇ ಕಾರಣ. ಅದಕ್ಕೂ ಮುಂಚೆ, 1981ರಲ್ಲಿ, ನಮ್ಮ ಮುಂಬಯಿಯ ಡಾಕ್ಟ್ರು ಶಾ ಮತ್ತು ಜೊತೆಯವರು ಹಣೆ ಮೇಲೆ ಬಿಳಿ ಕೂದಲ ಕುಚ್ಚು ಇರೋ 12 ಕೂಸುಗಳಲ್ಲಿ ಇದೇ ಕಾಯಿಲೆ ಇರೋದನ್ನ ಬರೆದಿದ್ರು, ಯಾಕಂದ್ರೆ ಬಣ್ಣದ ಕೋಶ, ಕರುಳಿನ ನರ ಎರಡೂ ಒಂದೇ ಮೂಲದಿಂದ ಬರೋದು. ಈ ಬಗೆಯಲ್ಲಿ ಎಷ್ಟೋ ಸಲ ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬರಬೇಕು, ಹಾಗಾಗಿ ಸೋದರಿಕೆಯಲ್ಲಿ ಮದುವೆ ಆದ ಮನೆಗಳು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗೇ ಹೇಳ್ತೀನಿ, ಬಾಣಂತಿ ಹಲಸಿನ ಹಣ್ಣು ತಿಂದಿದ್ದಕ್ಕೆ ನಂಜಾಯ್ತು, ಬಸುರಲ್ಲಿ ಪಥ್ಯ ಮಾಡ್ಲಿಲ್ಲ ಅಂತ ಸೊಸೆ ಮೇಲೆ ಹಾಕ್ಬೇಡಿ, ಇದಕ್ಕೂ ಅವಳು ತಿಂದಿದ್ದಕ್ಕೂ ಸಂಬಂಧವೇ ಇಲ್ಲ.

ಗುರುತಿಸೋದು ಮೊದಲ ಎರಡು ದಿನದಲ್ಲೇ ಸಾಧ್ಯ. ತಿಂಗಳು ತುಂಬಿ ಹುಟ್ಟಿದ ಕೂಸು ಸಾಮಾನ್ಯವಾಗಿ 24 ಗಂಟೆಯೊಳಗೆ ಆ ಕಪ್ಪಗಿನ ಅಂಟು ಕಕ್ಕ ಮಾಡುತ್ತೆ, 48 ಗಂಟೆ ಆದ್ರೂ ಇಲ್ಲ ಅಂದ್ರೆ ಡಾಕ್ಟ್ರು ನೋಡ್ಲೇಬೇಕು. ಹಸಿರು ವಾಂತಿ ಆದ್ರಂತೂ ಕಾಯೋದೇ ಬೇಡ. ಜ್ವರ, ಉಬ್ಬಿದ ಹೊಟ್ಟೆ, ಕೆಟ್ಟ ವಾಸನೆ ಭೇದಿ ಒಟ್ಟಿಗೆ ಬಂದ್ರೆ ಕರುಳಿಗೆ ಸೋಂಕು ಹತ್ತಿದೆ ಅಂತ, ಈ ಕಾಯಿಲೆಯಲ್ಲಿ ಜೀವ ತೆಗೆಯೋದು ಹೆಚ್ಚಾಗಿ ಅದೇ, ಭೇದಿ ಆಗ್ತಿದೆಯಲ್ಲ ಮಲಬದ್ಧತೆ ಎಲ್ಲಿ ಅಂತ ಸುಮ್ಮನಿರಬೇಡಿ. ಪಕ್ಕಾ ಮಾಡೋಕೆ ಗುದನಾಳದಿಂದ ಚೂರು ಮಾಂಸ ತೆಗೆದು ಮೈಕ್ರೋಸ್ಕೋಪಲ್ಲಿ ನರಕೋಶ ಹುಡುಕ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಕೇಳಬಹುದು, ತೀರ್ಥಹಳ್ಳಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೂ ಹೋಗ್ತಾರೆ. ಮಳೆಗಾಲದಲ್ಲಿ ಆ ದಾರಿ ಗೊತ್ತಲ್ಲ, ಅದಕ್ಕೇ ಬೇಗ ಹೊರಡಿ.

ಮೊದಲ ಮಗುವಿಗೆ ಇದ್ರೆ ತಮ್ಮ ತಂಗಿಗೆ ಬರೋ ಸಾಧ್ಯತೆ ಒಟ್ಟಾರೆ ನೂರಕ್ಕೆ ನಾಲ್ಕರ ಆಸುಪಾಸು, ಕರುಳಿನ ಉದ್ದ ಭಾಗಕ್ಕೆ ನರ ಇಲ್ದಿದ್ರೆ ಇನ್ನೂ ಜಾಸ್ತಿ. ಅಂಥ ಮನೆಯವರು ಎರಡನೇ ಹೆರಿಗೆಗೆ ಮುಂಚೆನೇ ಡಾಕ್ಟ್ರಿಗೆ ತಿಳಿಸಿಡಿ, ಕೂಸು ಮೊದಲ ಕಕ್ಕ ಯಾವಾಗ ಮಾಡ್ತು ಅಂತ ತಾಯಿ ಕಾರ್ಡಿನ ಮೂಲೆಯಲ್ಲಿ ಬರೆದಿಟ್ಕೊಳ್ಳಿ, ಆಶಾ ಅಕ್ಕ ಮನೆಗೆ ಬಂದಾಗ ತೋರಿಸಿ.